ಉಗ್ರಪ್ಪನ ನಂಬರು

"ಹೂವಿಗೆ ಎರಡು ಸಾವಿರ. ಡೊಳ್ಳಿನೋರು ಮೂರಕ್ಕೆ ಒಪ್ತಿಲ್ಲ, ಮೂರೂವರೆ ಅಂತಾರೆ. ಗುಂಡಿ ತೋಡಾಕೆ ಜೆಸಿಬಿ ಬ್ಯಾಡ ಅಂತ ಹಿರೇರು ಅಂದವ್ರೆ, ಅದಕ್ಕೆ ನಾಲ್ಕಾಳಿನ ಕೂಲಿ, ಮೇಲೆ ಅವರ ಖರ್ಚು ಬ್ಯಾರೆ..." ಎಂದು ಬೆರಳು ಮಡಿಚುತ್ತ ಒಳಗೆ ಬಂದ ಮಂಜಣ್ಣ ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟ. "ಗುಡ್ಡಪ್ಪಣ್ಣ, ಅದನ್ಯಾಕೆ ಕೀಳ್ತಿದೀಯ?"

ಗುಡ್ಡಪ್ಪ ಗೋಡೆಗೆ ಬಡಿದ ಹಲಗೆಯ ಮೇಲಿದ್ದ ಕರಿ ಡಬ್ಬಿಯ ಹಿಂದೆ ಕೈ ಹಾಕಿ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಕುರಿಯ ಉಣ್ಣೆಗೆ ಹತ್ತಿದ ಮುಳ್ಳು ತೆಗೆಯುವ ಹಾಗೆ, ನಿಧಾನವಾಗಿ, ನೋಯಿಸದೆ. ಕೊನೆಯ ವೈರು ಬಂದಾಗ ಡಬ್ಬಿಯ ಮುಂದಿನ ಹಸಿರು ದೀಪ ಆರಿತು. ಅದು ಆರಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಕರೆಂಟು ಹೋದರೂ ಉರಿಯಲಿ ಎಂದು ಉಗ್ರಪ್ಪ ಅದಕ್ಕೆ ಪ್ರತ್ಯೇಕ ಬ್ಯಾಟರಿ ಕೂರಿಸಿದ್ದ.

ಉಗ್ರಪ್ಪ ಈಗ ಅದೇ ಹಲಗೆಯ ಕೆಳಗೆ, ಚಾಪೆಯ ಮೇಲೆ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಮಲಗಿದ್ದ. ಹಿಂದಿನ ದಿನ ಹಿರಿಯೂರಿನ ತನ್ನ ರಿಪೇರಿ ಅಂಗಡಿಯಲ್ಲಿ ಯಾರದೋ ಮೊಬೈಲ್ ಬಿಚ್ಚುತ್ತ ಕುಳಿತಿದ್ದವನು ಎದೆ ಹಿಡಿದುಕೊಂಡು ಹಾಗೇ ಮುಂದಕ್ಕೆ ಬಾಗಿದ್ದ. ಆಸ್ಪತ್ರೆ ಸೇರುವಷ್ಟು ಹೊತ್ತೂ ಕೊಡಲಿಲ್ಲ.

"ಇದೂ ಅವನ ಜೊತೆ ಹೋಗ್ಲಿ," ಎಂದ ಗುಡ್ಡಪ್ಪ. ಅವನ ದನಿ ಒಡೆದ ಬಿದಿರಿನ ಹಾಗಿತ್ತು. ಗಂಟಲ ಆಪರೇಷನ್ ಆದಮೇಲೆ ಅದು ಪಿಸುಮಾತಿಗಿಂತ ಮೇಲೆ ಏಳುತ್ತಿರಲಿಲ್ಲ.

ಅವರ ಮನೆತನದಲ್ಲಿ ಯಾರೇ ತೀರಿಕೊಂಡರೂ ಅವರ ಕೈಯಲ್ಲಿ ಆಡಿದ ಸಾಮಾನು ಅವರ ಜೊತೆ ಮಣ್ಣಿಗೆ ಹೋಗಬೇಕು. ಕುರಿ ಕಾದವರಿಗೆ ಕಂಬಳಿ, ಕೋಲು, ಎಲೆಅಡಿಕೆಯ ಚೀಲ. ಉಗ್ರಪ್ಪ ಕುರಿ ಕಾದವನಲ್ಲ. ಬೆಳಿಗ್ಗೆಯಿಂದ ಗುಡ್ಡಪ್ಪ ತಮ್ಮನಿಗೆ ಏನು ಹಾಕಬೇಕು ಎಂದು ಮನೆಯೆಲ್ಲ ಹುಡುಕಿದ್ದ. ಅಂಗಡಿಯಿಂದ ಟೆಸ್ಟರು, ಬೆಸುಗೆ ಕಡ್ಡಿ ತರಿಸಿದ್ದಾಯಿತು. ಆದರೂ ಸಮಾಧಾನವಾಗಲಿಲ್ಲ. ತಾನು ಬಂದಾಗಲೆಲ್ಲ ತಮ್ಮ ಕೂತಿರುತ್ತಿದ್ದದ್ದು ಈ ಡಬ್ಬಿಯ ಎದುರಿಗೆ. ಕಣ್ಣಿಗೆ ಬಿದ್ದದ್ದೂ ಅದೇ.

"ಅದಕ್ಕೆಷ್ಟು ಬಿದ್ದಿತ್ತೋ ಏನೋ! ಅಕ್ಕಾ, ಇದರ ರೇಟೆಷ್ಟು?" ಎಂದು ಮಂಜಣ್ಣ ತನ್ನ ಅಕ್ಕನ ಕಡೆ ತಿರುಗಿದ.

ಜಯಕ್ಕ ಗಂಡನ ತಲೆಯ ಹತ್ತಿರ ಕುಳಿತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಆದರೂ ಲೆಕ್ಕ ಕೇಳಿದರೆ ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು. ಅಂಗಡಿಯ ಗಲ್ಲಾದಲ್ಲಿ ಕೂತು ರೂಢಿಯಾಗಿತ್ತು. "ಡಬ್ಬಿದೇನಿಲ್ಲ, ಹಳೇದು, ಯಾರೋ ಬಿಟ್ಟೋಗಿದ್ದು. ಅದರ ಇಂಟರ್ನೆಟ್ ನಂಬರಿಗೇ ಖರ್ಚು. ವರ್ಷಕ್ಕೊಂದು ಟಗರು."

"ಟಗರಾ?"

"ಟಗರಿನ ದುಡ್ಡು. ಅದೂ ಹಬ್ಬದ ರೇಟಿನ ಟಗರು."

ಜಗಲಿಯಲ್ಲಿದ್ದ ಯಾರೋ ನಕ್ಕು, ನಕ್ಕದ್ದು ನೆನಪಾಗಿ ಟವಲಿನಿಂದ ಬಾಯಿ ಮುಚ್ಚಿಕೊಂಡರು. ಗೋಡೆಗೆ ಒರಗಿದ್ದ ಮಲ್ಲಕ್ಕ ಮಾತ್ರ ಬಾಯಿ ಮುಚ್ಚಲಿಲ್ಲ. ಆಕೆ ಸತ್ತವನ ಸೋದರತ್ತೆ, ಆ ಮನೆತನದಲ್ಲಿ ಉಳಿದವರಲ್ಲಿ ಎಲ್ಲರಿಗಿಂತ ಹಿರಿಯಳು. ಯಾರು ಎಲ್ಲಿ ಕೂರಬೇಕು, ಯಾವ ದಿಕ್ಕಿಗೆ ತಲೆ ಹಾಕಬೇಕು ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದವಳು ಆಕೆಯೇ.

"ನನಗೂ ಒಂದು ವಿಳಾಸ ಕೊಟ್ಟಿದ್ದ ಮಗರಾಯ. 'ಅತ್ತೆ, ಇದು ನಿಂದು, ಯಾರೂ ಕಿತ್ಕಳಾಕಾಗಲ್ಲ' ಅಂತಿದ್ದ. ಇರೋದು ಮಗಳ ಮನೇಲಿ. ನನಗ್ಯಾಕ್ಲೇ ವಿಳಾಸ ಅಂತ ಬೈದಿದ್ದೆ."

"ನಿನ್ನದು ಬಿಡಜ್ಜಿ," ಎಂದ ಗುಡ್ಡಪ್ಪನ ಮಗ ಕನಕರಾಜ್. "ನನ್ನ ಮದುವೇಲಿ ಮುಯ್ಯಿ ಮೈಕಲ್ಲಿ ಓದ್ತಿದ್ರಲ್ಲ, 'ಗಂಡಿನ ಚಿಕ್ಕಪ್ಪ ಉಗ್ರಪ್ಪನವರಿಂದ ಒಂದು ಹಿತ್ತಾಳೆ ಬಿಂದಿಗೆ, ಒಂದು ಇಂಟರ್ನೆಟ್ ವಿಳಾಸ' ಅಂತ ಓದೇಬಿಟ್ರು. ಹೆಣ್ಣಿನ ಕಡೆಯೋರು ಇವತ್ತಿಗೂ ಕೇಳ್ತಾರೆ, ಆ ಎರಡನೇ ಸಾಮಾನು ಎಲ್ಲಿಟ್ಟಿದೀರಿ ಅಂತ."

ಈ ಸಲ ಎಲ್ಲರೂ ನಕ್ಕರು. ಜಯಕ್ಕನೂ ಸೆರಗಿನ ಒಳಗೆ ನಕ್ಕಳು. ನಗು ಹಾಗೇ ಅಳುವಾಯಿತು.

ಗುಡ್ಡಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಬಂದು ನಿಂತ. "ಏನವ್ವ, ಹಾಕಬೋದಾ? ನಿನ್ನ ಮಾತು."

ಜಯಕ್ಕ ಡಬ್ಬಿ ನೋಡಿದಳು, ಗಂಡನ ಮುಖ ನೋಡಿದಳು. ಅಂಗಡಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲು ನೋಡುತ್ತಿದ್ದದ್ದು ಆ ದೀಪವನ್ನು. ಆಮೇಲೆ ಇವಳನ್ನು. "ಅವರದ್ದಲ್ವಾ ಭಾವ. ಅವರ ಜೊತೇಲೇ ಹೋಗ್ಲಿ."

"ಸರಿಯಾಗಿ ಯೋಚನೆ ಮಾಡ್ರಿ," ಎಂದಳು ಮಲ್ಲಕ್ಕ. "ಒಂದ್ಸಲ ಗುಂಡಿಗೆ ಹಾಕಿದ್ಮೇಲೆ ಅದು ಅವನ್ದು. ಆಮೇಲೆ ಅಯ್ಯೋ ಅಂದ್ರೆ ಬರಲ್ಲ."

ಯೋಚನೆ ಮಾಡುವಂಥದ್ದು ಏನೂ ಯಾರಿಗೂ ಕಾಣಲಿಲ್ಲ. ಡಬ್ಬಿ ಬುಟ್ಟಿ ಸೇರಿತು.

*

ಗುಡ್ಡಪ್ಪ, ಉಗ್ರಪ್ಪ ಇಬ್ಬರ ನಡುವೆ ಹಿಂಡು ಭಾಗವಾದದ್ದು ಸುಲಭವಾಗಿಯೇ. ಜಗಳವಿಲ್ಲ, ಪಂಚಾಯ್ತಿ ಇಲ್ಲ. ಆದರೆ ಕುರಿಯನ್ನು ಹಂಚಬಹುದು, ಕಿವಿಗುರುತನ್ನು ಹಂಚಲು ಬರುವುದಿಲ್ಲ. ಎಡಗಿವಿಯ ತುದಿ ಕವಲು, ಬಲಗಿವಿಯ ಹಿಂದೆ ಒಂದು ಕಚ್ಚು. ಅಷ್ಟು ಕಂಡರೆ ಹಾಲುರಾಮೇಶ್ವರದ ಗುಡ್ಡದಲ್ಲಿ ಕಳೆದುಹೋದ ಮರಿಯನ್ನೂ ಯಾರೋ ಹಿಡಿದು ಇವರ ಊರು ಯಲ್ಲದಕೆರೆಗೆ ಹೇಳಿಕಳಿಸುತ್ತಿದ್ದರು. ಆ ಗುರುತು, ಅದನ್ನು ಕುಯ್ಯುವ ಚೂರಿ, ಹಿರಿಯ ಮಗನಿಗೆ. ಕಿರಿಯವನು ಬೇಕಿದ್ದರೆ ಬೇರೆ ಗುರುತು ಮಾಡಿಕೊಳ್ಳಬೇಕು.

ಉಗ್ರಪ್ಪನಿಗೆ ಕುರಿಯ ಮೇಲೆ ಮನಸ್ಸಿರಲಿಲ್ಲ. ಭಾಗಕ್ಕೆ ಬಂದದ್ದನ್ನು ಅಣ್ಣನಿಗೇ ಕೊಟ್ಟು, ಆ ದುಡ್ಡಿನಲ್ಲಿ ಹಿರಿಯೂರಿನಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಹಾಕಿದ. ಟೇಪು ಹೋಗಿ ಟೀವಿ ಬಂತು, ಟೀವಿ ಹೋಗಿ ಮೊಬೈಲು ಬಂತು. ಅಂಗಡಿ ಉಳಿಯಿತು.

"ಅಣ್ಣನಿಗೆ ಗುರುತೈತೆ, ನನಗಿಲ್ಲ ನೋಡು," ಎಂದು ಆಗಾಗ ಜಯಕ್ಕನ ಹತ್ತಿರ ಹೇಳುತ್ತಿದ್ದ. ಕೊರಗಿನಿಂದ ಅಲ್ಲ. ಚಪ್ಪಲಿ ಸವೆದಿದೆ ಎನ್ನುವ ಹಾಗೆ.

ಅಪ್ಪನಿಂದ ಅವನಿಗೂ ಒಂದು ವಸ್ತು ಬಂದಿತ್ತು. ಅಪ್ಪ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ, ಯಾರೋ ರಿಪೇರಿಗೆ ಕೊಟ್ಟ ಟೇಪ್ ರೆಕಾರ್ಡರನ್ನು ಪರೀಕ್ಷೆ ಮಾಡುವ ನೆಪದಲ್ಲಿ ಉಗ್ರಪ್ಪ ಅದನ್ನು ಮಾರಿಕಣಿವೆಯ ಹಿನ್ನೀರಿನ ದಡಕ್ಕೆ ಹೊತ್ತುಕೊಂಡು ಹೋಗಿದ್ದ. ಅಪ್ಪ ಸಂಜೆ ಹಿಂಡು ಕರೆಯುವುದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದ. ಆ ಕೂಗು ಎದೆಯಿಂದ ಎದ್ದು, ನಡುವೆ ಒಂದು ಸಲ ಮುರಿದು, ಮತ್ತೆ ಏರಿ ನೀರಿನ ಮೇಲೆ ಉದ್ದಕ್ಕೆ ಹೋಗುತ್ತಿತ್ತು. ಅದರಲ್ಲಿ ಮಾತಿರಲಿಲ್ಲ. ಗುಡ್ಡಪ್ಪ ಅದನ್ನು ಹಾಗೇ ಕಲಿತಿದ್ದ, ಕುರಿಗಳಿಗೆ ಅಪ್ಪನೂ ಮಗನೂ ಒಂದೇ ಆಗುವಷ್ಟು.

ಗುಡ್ಡಪ್ಪನ ಗಂಟಲು ಕೆಟ್ಟ ವರ್ಷ ಹಿಂಡು ಸಂಜೆ ಹೊತ್ತು ಚೆದುರಿ ಹೋಗತೊಡಗಿತು. ಕನಕರಾಜ್ ಕೂಗಿದರೆ ಕುರಿ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಗುಡ್ಡಪ್ಪ ಹಿಂಡು ಮಾರುವ ಮಾತಾಡಿದ. ಆ ವಾರ ಉಗ್ರಪ್ಪ ಅಣ್ಣನ ಫೋನು ಇಸಿದುಕೊಂಡು ಅದರ ಮೇಲೆ ಒಂದು ಕುರಿಯ ಚಿತ್ರ ಕೂರಿಸಿಕೊಟ್ಟ.

"ಇದನ್ನ ಒತ್ತು."

ಒತ್ತಿದಾಗ ಅಪ್ಪ ಕೂಗಿದ. ಗುಡ್ಡಪ್ಪ ಫೋನು ಕೈಬಿಟ್ಟು ನಿಂತ. ಅಂಗಡಿಯ ಮುಂದೆ ಎಳನೀರು ಮಾರುತ್ತಿದ್ದವನು ತಿರುಗಿ ನೋಡಿದ.

"ಫೋನೊಳಗೆ ತುಂಬಿದ್ಯಾ?"

"ಫೋನೊಳಗಲ್ಲ. ನಿನ್ನ ಫೋನು ವರ್ಷಕ್ಕೊಂದ್ಸಲ ಹಿನ್ನೀರಿಗೆ ಬೀಳ್ತದೆ. ಅದರಲ್ಲಿಟ್ರೆ ಅಪ್ಪನೂ ಮುಳುಗ್ತಾನೆ. ಇದು ನನ್ನ ವಿಳಾಸದಲ್ಲೈತೆ. ಎಲ್ಲಾದಕ್ಕಿಂತ ಮೊದಲನೇ ವಿಳಾಸ ಅಪ್ಪಂಗೇ ಕೊಟ್ಟಿದೀನಿ. ಎಷ್ಟು ಫೋನಾದ್ರೂ ಬೀಳಿಸ್ಕೋ, ಹೊಸಾದ್ರಲ್ಲಿ ಮತ್ತೆ ಚಿತ್ರ ಕೂರಿಸ್ತೀನಿ."

ಗುಡ್ಡಪ್ಪನಿಗೆ ಅರ್ಥವಾದದ್ದು ಇಷ್ಟು: ಅಪ್ಪ ಟವರಿನಲ್ಲಿದ್ದಾನೆ. ಅಂದಿನಿಂದ ಹಿಂಡು ಚೆದುರಲಿಲ್ಲ, ಮಾರುವ ಮಾತೂ ಬರಲಿಲ್ಲ.

*

ಸ್ಮಶಾನ ಊರಾಚೆ, ಕೆರೆಯ ಏರಿಯ ಕೆಳಗೆ. ಡೊಳ್ಳು ನಿಂತಿತ್ತು. ಗುಂಡಿಯಲ್ಲಿ ಕಂಬಳಿ ಹಾಸಿ ಉಗ್ರಪ್ಪನನ್ನು ಮಲಗಿಸಿದರು. ಬಲಗಡೆ ಟೆಸ್ಟರು, ಬೆಸುಗೆ ಕಡ್ಡಿ. ಎದೆಯ ಪಕ್ಕದಲ್ಲಿ ಕರಿ ಡಬ್ಬಿ.

ಕನಕರಾಜ್ ಹಿಂಡನ್ನು ಏರಿಯ ಮೇಲೆ ತಂದು ನಿಲ್ಲಿಸಿದ್ದ. ಗುಡ್ಡಪ್ಪನ ಆಸೆ ಅದು. ಮಣ್ಣು ಹಾಕುವ ಮೊದಲು ತಮ್ಮನಿಗೆ ಅಪ್ಪನ ಕೂಗು ಒಂದು ಸಲ ಕೇಳಿಸಬೇಕು, ಕುರಿಗಳು ಇಳಿದು ಬಂದು ಗುಂಡಿ ಸುತ್ತಬೇಕು. ಕುರಿ ಕಾಯದೆ ಹೋದರೂ ಕುರಿಯವರ ಮಗ.

ಗುಡ್ಡಪ್ಪ ಫೋನು ತೆಗೆದು ಕುರಿಯ ಚಿತ್ರ ಒತ್ತಿ ತಲೆಯ ಮೇಲಕ್ಕೆ ಎತ್ತಿ ಹಿಡಿದ. ಎಲ್ಲರೂ ಕಾದರು. ಗಾಳಿ ಬೀಸುವುದು ಮಾತ್ರ ಕೇಳಿಸಿತು.

"ಚಕ್ರ ತಿರುಗ್ತೈತೆ," ಎಂದ ಫೋನು ನೋಡಿಕೊಂಡು. ಮತ್ತೆ ಒತ್ತಿದ.

"ಕರೆನ್ಸಿ ಮುಗಿದಿರ್ಬೇಕು," ಎಂದ ಮಂಜಣ್ಣ.

"ಮೊನ್ನೆ ಇವನೇ ಹಾಕ್ಕೊಟ್ಟವ್ನೆ." ಗುಡ್ಡಪ್ಪ ಗುಂಡಿಯ ಕಡೆ ಕೈ ತೋರಿಸಿದ.

ಮಂಜಣ್ಣ ತನ್ನ ಫೋನಿನಲ್ಲಿ ನೋಡಿದ. ವಾಟ್ಸಾಪು ಬರುತ್ತಿತ್ತು, ಎಲ್ಲವೂ ಬರುತ್ತಿತ್ತು. ಗುಡ್ಡಪ್ಪನ ಹೆಬ್ಬೆರಳು ಮಾತ್ರ ಮತ್ತೆ ಮತ್ತೆ ಅದೇ ಚಿತ್ರದ ಮೇಲೆ ಬೀಳುತ್ತಿತ್ತು. ಏರಿಯ ಮೇಲಿನ ಕುರಿಗಳು ತಮ್ಮ ಪಾಡಿಗೆ ಮೇಯುತ್ತಿದ್ದವು.

ಆಗ ಏರಿಯ ಕೆಳಗೆ ಸ್ಕೂಟರ್ ಒಂದು ನಿಂತಿತು. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದಳು. ಗುಂಡಿಯ ಅಂಚಿಗೆ ಬಂದವಳು ಒಳಗೆ ನೋಡಿ, "ಅಂಕಲ್," ಎಂದಷ್ಟೇ ಹೇಳಿ ಕುಸಿದು ಕುಳಿತಳು.

"ಇವಳ್ಯಾರೇ?" ಎಂದಳು ಮಲ್ಲಕ್ಕ.

"ದುರ್ಗದ ಕೀರ್ತನಾ, ಅತ್ತೆ," ಎಂದಳು ಜಯಕ್ಕ. ಇವಳನ್ನು ನೋಡಿದ್ದು ಒಂದೇ ಸಲ, ಆದರೆ ಫೋನಿನಲ್ಲಿ ದನಿ ದಿನಾ ಕೇಳಿದ್ದು. "ಮನೆಗೆ ಇಂಟರ್ನೆಟ್ ವೈರ್ ಎಳೆದ ಆಫೀಸಿನೋಳು. ಇವರ ನಂಬರನ್ನ ಆಚೆಗೆ ಹೇಳ್ತಿದ್ದೋಳು ಇವಳೇ. ಇವಳಿಗೂ ಇದೇ ಹುಚ್ಚು."

ಕೀರ್ತನಾ ಕಣ್ಣೊರೆಸಿಕೊಂಡಳು. "ಬೆಳಿಗ್ಗೆ ಆಫೀಸಿಗೆ ಬಂದು ನೋಡ್ತೀನಿ, ಅಂಕಲ್ ನಂಬರ್ ಇಲ್ಲ. ಯಾವತ್ತೂ ಹೋಗಿದ್ದಿಲ್ಲ. ಬ್ಯಾಟರಿ ಕೆಟ್ಟಿರ್ಬೇಕು, ಬೈಸ್ಕಂತಾರೆ ಇವತ್ತು ಅಂತ ಫೋನ್ ಮಾಡ್ದೆ. ಮಂಜಣ್ಣೋರು ಎತ್ತಿ..." ಮಾತು ನಿಂತಿತು. ಅವಳ ಕಣ್ಣು ಉಗ್ರಪ್ಪನ ಎದೆಯ ಪಕ್ಕಕ್ಕೆ ಹೋಗಿತ್ತು. "ಅದ್ಯಾಕೆ ಅಲ್ಲೈತೆ?"

"ಅವನ ಸಾಮಾನು. ಹಾಕ್ತೀವಿ ನಾವು," ಎಂದ ಗುಡ್ಡಪ್ಪ. ಆಮೇಲೆ, ಓದಿದ ಹುಡುಗಿ ಸಿಕ್ಕಿದಳಲ್ಲ ಎಂದು ಫೋನು ಮುಂದೆ ಹಿಡಿದ. "ನೋಡವ್ವ, ನಮ್ಮಪ್ಪನ ಕೂಗು ಬರ್ತಿಲ್ಲ."

ಕೀರ್ತನಾ ಫೋನು ನೋಡಿದಳು, ಡಬ್ಬಿ ನೋಡಿದಳು. ಕಡೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. "ಕೂಗು ಆ ಡಬ್ಬೀಲೇ ಇರೋದು ಅಣ್ಣಾ. ಅದು ಆರಿದ್ರೆ ನಂಬರೂ ಆರ್ತದೆ. ನಂಬರ್ ಆರಿದ್ರೆ ಅವರು ಕೊಟ್ಟ ವಿಳಾಸ ಯಾವುದೂ ಸಿಗಲ್ಲ."

"ಟವರಲ್ಲಿಲ್ವಾ?"

"ಇಲ್ಲ."

"ಬ್ಯಾರೆ ಕಡೆ ಎಲ್ಲಾದ್ರೂ ಒಂದು ನಕಲು?"

"ನಾನೇ ಕೇಳಿದ್ದೆ. 'ನನ್ನ ಸ್ವಂತ ಮನೆ ಇರೋವಾಗ ಬಾಡಿಗೆ ಮನೇಲಿ ಯಾಕಮ್ಮ ಇಡ್ಲಿ' ಅಂದಿದ್ರು."

"ಕ್ಯಾಸೆಟ್ಟು?" ಎಂದು ಮಂಜಣ್ಣ ಅಕ್ಕನ ಮುಖ ನೋಡಿದ. ಜಯಕ್ಕ ತಲೆಯಾಡಿಸಿದಳು. ಅದಕ್ಕೆ ಬೂಷ್ಟು ಹಿಡಿದು, ರೀಲು ತುಂಡಾಗಿ, ಬಹಳ ವರ್ಷವಾಗಿತ್ತು.

ಎಲ್ಲರೂ ಗುಂಡಿಯೊಳಗೆ ನೋಡಿದರು. ಆಮೇಲೆ ಎಲ್ಲರೂ ಮಲ್ಲಕ್ಕನನ್ನು ನೋಡಿದರು.

"ನನ್ನ ಮಕ ಏನು ನೋಡ್ತೀರಿ? ಬೆಳಿಗ್ಗೇನೇ ಹೇಳಿದ್ದೆ," ಎಂದಳು ಆಕೆ. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ಸತ್ತೋನಿಗೆ ಕೊಟ್ಟಿದ್ದನ್ನ ಕಿತ್ಕಂಡ್ರೆ ಅವನು ಬರಿಗೈಲಿ ಹೋಗ್ತಾನೆ. ನಮ್ಮ ಮನೆತನದಲ್ಲಿ ಯಾರೂ ಮಾಡಿಲ್ಲ."

ಗುಡ್ಡಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ. "ನಾನೇ ಕಿತ್ತೆ," ಎಂದ. "ಒಂದೊಂದೇ ವೈರು, ನಾನೇ ಕಿತ್ತೆ. ಹೋಗ್ಲಿ ಬಿಡ್ರಿ. ಅಪ್ಪ ಅವನ ಜೊತೆ ಹೋಗ್ಲಿ. ಹಿಂಡು ಮಾರಿದ್ರಾಯ್ತು. ಮಣ್ಣು ಎಳೀರಿ."

ಸನಿಕೆ ಹಿಡಿದವರು ಜಯಕ್ಕನ ಕಡೆ ನೋಡಿದರು.

*

ನಂಬರು ಬಂದ ದಿನ ಉಗ್ರಪ್ಪ ಹಿರಿಯೂರಿನಿಂದ ಒಂದು ಪೊಟ್ಟಣ ಮೈಸೂರುಪಾಕು ಹಿಡಿದುಕೊಂಡು ಬಂದಿದ್ದ.

"ನಂಬರ್ ಬಂತು ಕಣೇ."

"ಗಾಡಿದಾ?"

"ನಂದು."

ಅದಕ್ಕಾಗಿ ಅವನು ತಿಂಗಳುಗಟ್ಟಲೆ ಓಡಾಡಿದ್ದ. ಅಂಗಡಿಯ ಲೈಸೆನ್ಸು, ಕರೆಂಟು ಬಿಲ್ಲು, ಮೊಹರು ಎಲ್ಲ ಕಳಿಸಿದ್ದ. ಅರ್ಜಿ ಎರಡು ಸಲ ವಾಪಸು ಬಂದಿತ್ತು. ಇಂಥ ನಂಬರು, ಅದರ ಜೊತೆಗೆ ಬರುವ ವಿಳಾಸದ ರಾಶಿ, ಸಾಮಾನ್ಯವಾಗಿ ತಗೊಳ್ಳುವುದು ದೊಡ್ಡ ಕಂಪನಿಗಳು, ಬ್ಯಾಂಕುಗಳು. ಕಡೆಗೆ ನಂಬರು ಕೊಡುವ ಕಚೇರಿಯಿಂದ ಒಬ್ಬರು ಫೋನ್ ಮಾಡಿ, ನಿಮಗೆ ಎಷ್ಟು ಗ್ರಾಹಕರು ಎಂದು ಕೇಳಿದರು. ಗ್ರಾಹಕರಿಲ್ಲ ಸ್ವಾಮಿ, ಹವ್ಯಾಸ ಎಂದ. ಹಾಗಾದರೆ ಇಷ್ಟೊಂದು ವಿಳಾಸ ಏನು ಮಾಡ್ತೀರಿ ಎಂದರು. "ನಮ್ಮಣ್ಣನ ಹತ್ರ ಕುರಿ ಅವೆ. ಒಂದೊಂದಕ್ಕೂ ಒಂದೊಂದು ಕೊಡ್ತೀನಿ," ಎಂದುಬಿಟ್ಟ. ಆ ಕಡೆಯಿಂದ ನಗು ಕೇಳಿಸಿತು. ಆ ನಗುವಿಗೇ ನಂಬರು ಬಂತು ಎಂದು ಅವನ ನಂಬಿಕೆ. ಹೇಳಿದ ಮಾತನ್ನು ಮಾತ್ರ ಉಳಿಸಿಕೊಂಡ. ಪ್ರತಿ ಸುಗ್ಗಿಗೆ ಅಣ್ಣನ ಹಟ್ಟಿಗೆ ಹೋಗಿ ಹೊಸ ಮರಿಗಳನ್ನು ನೋಡಿ, ಒಂದೊಂದರ ಹೆಸರಿಗೂ ಒಂದೊಂದು ವಿಳಾಸ ಬರೆದಿಡುತ್ತಿದ್ದ. ಮುಗಿಯುವ ರಾಶಿಯಲ್ಲ ಅದು.

"ಇಷ್ಟು ದಿನ ನಮ್ಮನೇಲಿ ಇಂಟರ್ನೆಟ್ ಇರ್ಲಿಲ್ವಾ?" ಎಂದು ಜಯಕ್ಕ ಮೈಸೂರುಪಾಕು ಮುರಿಯುತ್ತ ಕೇಳಿದ್ದಳು.

"ಇತ್ತು. ಬೇರೆಯವರ ಹಿಂಡಲ್ಲಿ ಸೇರಿಸಿ ಮೇಯಿಸ್ದಂಗೆ. ಅವರು ಕೊಟ್ಟ ವಿಳಾಸ, ಅವರು ಬದಲಾಯ್ಸಿದ್ರೆ ಬದಲಾಯ್ತು. ಈಗ ಹಂಗಲ್ಲ. ಮಾರಿಕಣಿವೆ ನೀರು ಇಳಿದಾಗ ದಡದಲ್ಲಿ ಎಷ್ಟು ಹಿಂಡು ಬೀಳ್ತಾವೆ? ಬೆಳಿಗ್ಗೆ ಅಣ್ಣ ಪಕ್ಕದ ಹಿಂಡಿನೋನಿಗೆ ಹೇಳ್ತಾನೆ, ನಾನು ಇಲ್ಲಿದೀನಪ್ಪ ಅಂತ. ಅವನು ಆಚೆಯೋನಿಗೆ ಹೇಳ್ತಾನೆ, ಗುಡ್ಡಪ್ಪ ನನ್ನ ಪಕ್ಕದಲ್ಲವ್ನೆ ಅಂತ. ಹಿಂಗೇ ಹಬ್ಬಿ, ಆ ಕೊನೇಲಿ ಯಾರು ಕೇಳಿದ್ರೂ ದಾರಿ ಗೊತ್ತಾಗ್ತದೆ. ಇದೂ ಅಷ್ಟೇ. ಆ ಡಬ್ಬಿ ಇಡೀ ದಿನ ದುರ್ಗಕ್ಕೆ ಹೇಳ್ತಿರ್ತದೆ, ಉಗ್ರಪ್ಪ ಇಲ್ಲವ್ನೆ, ಉಗ್ರಪ್ಪ ಇಲ್ಲವ್ನೆ ಅಂತ. ಹಂಗೆ ಹೇಳ್ಕಣಾಕೆ ಒಂದು ಗುರುತು ಬೇಕು. ಆ ಗುರುತೇ ನಂಬರು."

"ಇದರಿಂದ ಏನು ಬರ್ತದೆ?"

"ಏನೂ ಬರಲ್ಲ," ಎಂದು ನಕ್ಕಿದ್ದ. "ನಂದು ಅಂತ ಒಂದಿರ್ತದೆ."

*

"ಅತ್ತೆ," ಎಂದಳು ಜಯಕ್ಕ. ಅವಳು ಗುಂಡಿಯ ಹತ್ತಿರ ಬಂದು ನಿಂತಿದ್ದಳು. "ಮಾವ ತೀರಿಕೊಂಡಾಗ ಏನೇನು ಹಾಕಿದ್ರಿ?"

"ಕಂಬಳಿ, ಕೋಲು, ಎಲೆಚೀಲ. ಯಾಕೆ?"

"ಕಿವಿ ಕುಯ್ಯೋ ಚೂರಿ?"

"ಅದನ್ನ ಹಾಕ್ತಾರಾ? ಹಿಂಡು ಬದುಕಿರೋವಾಗ ಗುರುತು ಹೆಂಗೇ ಹೂಳ್ತಾರೆ? ಅದು ಗುಡ್ಡನಿಗೆ ಬಂತು."

"ಆ ಡಬ್ಬೀನೂ ಚೂರೀನೇ ಅತ್ತೆ. ನನಗೆ ಬೆಳಿಗ್ಗೆ ಹೊಳೀಲಿಲ್ಲ. ಸಾಮಾನು ಅನ್ಕಂಡು ಹೂಂ ಅಂದೆ. ಅದು ಇವರ ಗುರುತು."

ಮಲ್ಲಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಗುರುತು ಇರ್ಬೋದವ್ವ. ಅವನಿಗೆ ಹಿಂಡೆಲ್ಲೈತೆ?"

ಜಯಕ್ಕ ಕೈ ಎತ್ತಿ ಏರಿ ತೋರಿಸಿದಳು. "ಅಲ್ಲಿರೋ ಒಂದೊಂದಕ್ಕೂ ಇವರ ವಿಳಾಸ ಐತೆ. ಕನಕರಾಜನಿಗೈತೆ, ಅವನ ಹೆಂಡ್ತಿಗೈತೆ, ಮಾವನಿಗೈತೆ, ನಿಮಗೈತೆ. ಇಲ್ಲಿ ನಿಂತೋರೆಲ್ಲ ಇವರ ಹಿಂಡೇ."

ಮಲ್ಲಕ್ಕ ಏರಿಯ ಮೇಲಿದ್ದ ಕುರಿಗಳನ್ನು ಒಂದು ಸಲ ನೋಡಿದಳು.

"ಈ ವಯಸ್ಸಲ್ಲಿ ನನ್ನನ್ನೂ ಕುರಿ ಮಾಡಿದ್ಯಲ್ಲೇ," ಎಂದಳು ಕಡೆಗೆ.

ಮೊದಲು ನಕ್ಕವನು ಕನಕರಾಜ್. ಆಮೇಲೆ ಸನಿಕೆಯವರು. ಮಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗುಡ್ಡಪ್ಪನ ಬೆನ್ನಿಗೆ ಮೆಲ್ಲಗೆ ಗುದ್ದಿದಳು. "ಏಳ್ಲೇ ಗುಡ್ಡ. ಗುರುತು ತಪ್ಪಿ ಬಿದ್ದೈತೆ, ಎತ್ಕ. ಆದ್ರೆ ಬರಿಗೈಲಿ ಇಳೀಬ್ಯಾಡ. ಒಂದು ತಗಂಡ್ರೆ ಒಂದು ಇಡ್ಬೇಕು, ಜಾಗ ಖಾಲಿ ಬಿಡಂಗಿಲ್ಲ."

ಗುಡ್ಡಪ್ಪ ಎದ್ದ. ಸುತ್ತ ನೋಡಿದ. ಮಂಜಣ್ಣ ತನ್ನ ಟಾರ್ಚು ಕೊಡಲು ಬಂದ, ಬೇಡವೆಂದ. ಪಕ್ಕದ ಬೇವಿನ ಗಿಡಕ್ಕೆ ಒರಗಿಸಿದ್ದ ತನ್ನ ಕೋಲನ್ನು ತೆಗೆದುಕೊಂಡ. ಅದು ಅವನ ಕೈ ಹಿಡಿದ ಜಾಗದಲ್ಲಿ ಸವೆದು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ತನ್ನ ಜೊತೆಗೆ ಗುಂಡಿಗೆ ಬರಬೇಕಾಗಿದ್ದ ಕೋಲು. ಅದನ್ನು ಹಿಡಿದೇ ಗುಂಡಿಗೆ ಇಳಿದ. ತಮ್ಮನ ಎದೆಯ ಪಕ್ಕದಿಂದ ಡಬ್ಬಿ ಎತ್ತಿ ಮೇಲೆ ಕೀರ್ತನಾಳ ಕೈಗೆ ಕೊಟ್ಟ. ಆ ಜಾಗದಲ್ಲಿ ಕೋಲು ಮಲಗಿಸಿ, ತಮ್ಮನ ಕೈ ಎತ್ತಿ ಅದರ ಮೇಲಿಟ್ಟ.

"ಕುರಿ ಕಾಯಾಕೆ ಬರಲ್ಲ ನಿನಗೆ," ಎಂದ ಅವನ ಕಿವಿಯ ಹತ್ತಿರ ಬಾಗಿ. "ಆದ್ರೂ ಇರ್ಲಿ, ಹಿಡ್ಕ."

*

ಸಂಜೆ ಎಲ್ಲರೂ ಸ್ನಾನ ಮುಗಿಸಿ ಬಂದಾಗ ನಡುಮನೆಯಲ್ಲಿ ಉಗ್ರಪ್ಪ ಮಲಗಿದ್ದ ಜಾಗ ಸಾರಿಸಿ ಹಣತೆ ಹಚ್ಚಿಟ್ಟಿದ್ದರು. ಈ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎದುರು ಮನೆಯ ನೇತ್ರಾವತಿ ದೊಡ್ಡ ಪಾತ್ರೆಯಲ್ಲಿ ಟೀ ತಂದು ಎಲ್ಲರಿಗೂ ಹುಯ್ದಳು.

ಕೀರ್ತನಾ ತನ್ನ ದುಪಟ್ಟದಿಂದ ಡಬ್ಬಿಯ ಮಣ್ಣು ಒರೆಸಿ, ಹಲಗೆಯ ಮೇಲಿಟ್ಟು, ವೈರುಗಳನ್ನು ಕೂರಿಸಿದಳು. "ಚೆನ್ನಾಗಿ ಬಿಡಿಸಿದೀರಣ್ಣ. ಒಂದೂ ಕಿತ್ತೋಗಿಲ್ಲ."

ಹಸಿರು ದೀಪ ಹತ್ತಿತು. ಮಂಜಣ್ಣ ಫೋನು ತೆಗೆಯಲು ಹೋದ.

"ತಡೀರಿ, ಈಗ್ಲೇ ಸಿಗಲ್ಲ," ಎಂದು ಅವಳು ತನ್ನ ಲ್ಯಾಪ್‌ಟಾಪು ಬಿಡಿಸಿದಳು. "ಇದು ದುರ್ಗಕ್ಕೆ ಹೇಳ್ಬೇಕು, ದುರ್ಗ ಬೆಂಗ್ಳೂರಿಗೆ ಹೇಳ್ಬೇಕು, ಅಲ್ಲಿಂದ ಬ್ಯಾರೆಯೋರಿಗೆ. ಎಲ್ಲರಿಗೂ ಗೊತ್ತಾಗಾಕೆ ಸ್ವಲ್ಪ ಹೊತ್ತು ಬೇಕು."

"ಏನಂತ ಹೇಳ್ತದೆ?" ಎಂದಳು ಮಲ್ಲಕ್ಕ.

ಕೀರ್ತನಾ ಜಯಕ್ಕನ ಮುಖ ನೋಡಿದಳು. ಜಯಕ್ಕ ಹೇಳಿದಳು: "ಇಲ್ಲಿದೀವಿ ಅಂತ."

ಟೀ ಮುಗಿಯುವ ಹೊತ್ತಿಗೆ ಕೀರ್ತನಾ ಇನ್ನೊಂದು ಮಾತು ತೆಗೆದಳು. ನಂಬರು ಅಂಗಡಿಯ ಹೆಸರಿನಲ್ಲಿದೆ, ಅಂಗಡಿ ಅಂಕಲ್ ಹೆಸರಿನಲ್ಲಿದೆ. ಲೈಸೆನ್ಸು ಬದಲಾಯಿಸದಿದ್ದರೆ, ವರ್ಷದ ದುಡ್ಡು ಕಟ್ಟದಿದ್ದರೆ ಕಚೇರಿಯವರು ವಾಪಸು ತಗೊಳ್ಳುತ್ತಾರೆ. ಆಮೇಲೆ ಬೇರೆ ಯಾರಿಗೋ ಹೋಗುತ್ತದೆ.

"ನನ್ನ ಹೆಸರಿಗೆ ಮಾಡ್ಸು," ಎಂದಳು ಜಯಕ್ಕ. "ಅಂಗಡಿ ನಾನೇ ನೋಡ್ಕಂತೀನಿ. ರೀಚಾರ್ಜು, ಕವರ್ರು, ಗ್ಲಾಸು ಹಾಕೋದು ನನಗೆ ಬರ್ತದೆ. ಡಬ್ಬಿದು ಮಾತ್ರ ನೀನು ಹೇಳ್ಕೊಡ್ಬೇಕು."

"ಬರ್ತೀನಿ ಆಂಟಿ. ಭಾನುವಾರ ಭಾನುವಾರ ಬರ್ತೀನಿ."

"ಮತ್ತೆ ವರ್ಷದ ಖರ್ಚು?" ಎಂದ ಮಂಜಣ್ಣ. ಬೆಳಗಿನಿಂದ ಖರ್ಚಿನ ಬೆರಳು ಮಡಿಚಿದವನಿಗೆ ಇನ್ನೂ ಒಂದು ಬೆರಳು ಉಳಿದಿತ್ತು.

ಬಾಗಿಲ ಹತ್ತಿರ ಕುಳಿತಿದ್ದ ಗುಡ್ಡಪ್ಪ ತಲೆ ಎತ್ತಲಿಲ್ಲ. "ವರ್ಷಕ್ಕೊಂದು ಟಗರು," ಎಂದ. "ಹಬ್ಬದ ರೇಟಿಂದೇ. ನನ್ನ ಹಿಂಡಿಂದ." ಜಯಕ್ಕ ಏನೋ ಹೇಳಲು ಹೋದಾಗ ಕೈ ಅಡ್ಡ ಹಿಡಿದ. "ಅವನ ಭಾಗದ ಕುರಿ ನಾನಿಟ್ಕಂಡೆ ಅಲ್ವಾ ತಾಯಿ. ಅವುಗಳ ಮರಿಮಕ್ಕಳು ಅವೆ ಈಗ."

ಆಮೇಲೆ ಅವನು ಎದ್ದು ಹೊರಗೆ ಹೋದ. ಕತ್ತಲಾಗುವ ಮೊದಲು ಹಿಂಡು ಕೂಡಬೇಕಿತ್ತು. ಕನಕರಾಜ್ ಅದನ್ನು ಊರ ಮುಂದಿನ ಬಯಲಿಗೆ ಬಿಟ್ಟಿದ್ದ. ಕುರಿಗಳು ಜಾಲಿಯ ಕಡೆ ಚೆದುರಿದ್ದವು. ಗುಡ್ಡಪ್ಪನ ಬಲಗೈ ಅಭ್ಯಾಸಕ್ಕೆ ಕೋಲಿಗಾಗಿ ಚಾಚಿ, ಏನೂ ಸಿಗದೆ ಹಿಂದಕ್ಕೆ ಬಂತು. ಆ ಕೈಯಲ್ಲೇ ಫೋನು ತೆಗೆದ. ಒತ್ತಲಿಲ್ಲ. ಒಳಗೆ ನೋಡಿದ.

ಒಳಗೆ ಕೀರ್ತನಾ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದಳು. ಅವಳ ಪಕ್ಕದಲ್ಲಿ ಜಯಕ್ಕ, ಏನೂ ಅರ್ಥವಾಗದಿದ್ದರೂ ಅದೇ ಪರದೆಯನ್ನು ನೋಡುತ್ತಿದ್ದಳು. ಯಾರಾದರೂ ಮಾತಾಡಿದರೆ ನಂಬರು ಹೆದರಿ ಓಡಿಹೋದೀತು ಎನ್ನುವ ಹಾಗೆ ಎಲ್ಲರೂ ಸುಮ್ಮನಿದ್ದರು.

"ಬಂತು," ಎಂದಳು ಕೀರ್ತನಾ.

ಗುಡ್ಡಪ್ಪ ಒತ್ತಿದ. ಚಕ್ರ ಒಂದು ಸುತ್ತು ತಿರುಗಿತು. ಆಮೇಲೆ ಸತ್ತು ಎಷ್ಟೋ ವರ್ಷವಾದ ಮನುಷ್ಯನೊಬ್ಬ ಯಲ್ಲದಕೆರೆಯ ಬಯಲಿನಲ್ಲಿ ಗಂಟಲು ತೆರೆದು ಕೂಗಿದ. ಕೂಗು ಎದೆಯಿಂದ ಎದ್ದು, ನಡುವೆ ಮುರಿದು, ಮತ್ತೆ ಏರಿತು.

ಬಯಲಿನ ತುಂಬ ಕವಲು ಕಿವಿಗಳು ಎದ್ದು ನಿಂತವು.

ಆ ದಿನ ಆ ಮನೆತನದಿಂದ ಮಣ್ಣಿಗೆ ಹೋದದ್ದು ಒಬ್ಬ ಮನುಷ್ಯ, ಅವನ ಸಾಮಾನು, ಅಣ್ಣನ ಒಂದು ಕೋಲು. ನಂಬರು ಉಳಿಯಿತು. ಕುರಿಗಳು ಗುಡ್ಡಪ್ಪನ ಸುತ್ತ ನಿಲ್ಲದೆ, ಅವನನ್ನೂ ದಾಟಿಕೊಂಡು, ಅಂಗಳದ ಚಪ್ಪರದ ಕೆಳಗೆ ಬಂದು ಒತ್ತಿಕೊಂಡವು. ಒಂದು ಮರಿ ಮುಂಗಾಲು ಎರಡನ್ನೂ ಹೊಸ್ತಿಲ ಮೇಲಿಟ್ಟು, ಒಳಗೆ ಕೆಳಗೊಂದು ಮೇಲೊಂದು ಉರಿಯುತ್ತಿದ್ದ ದೀಪಗಳನ್ನು ನೋಡುತ್ತ ನಿಂತಿತು. ಅದನ್ನು ಯಾರೂ ಓಡಿಸಲಿಲ್ಲ.